ಗಣಕದ ಆಜ್ಞೆ ಮತ್ತು ಕನ್ನಡದ ಅನ್ವಯ

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲುಗಳಿಂದ ಬಂದವರಿಗೆ ಐಸಿಟಿ ತರಗತಿಯ ಪೈಥಾನ್ ಪಾಠ ನೆನಪಿರಬಹುದು. ಪರದೆಯ ಮೇಲಿನ ಆಮೆಗೆ ‘ಫಾರ್ವರ್ಡ್ 100’ ಎಂದರೆ ಅದು ಗೆರೆ ಎಳೆಯುತ್ತ ಮುಂದೆ ಸಾಗುತ್ತದೆ; ‘ಲೆಫ್ಟ್ 90’ ಎಂದರೆ ಎಡಕ್ಕೆ ತಿರುಗುತ್ತದೆ. ವಿವರಣೆಯೆಲ್ಲ ಕನ್ನಡದಲ್ಲಿ, ಆಜ್ಞೆ ಮಾತ್ರ ಇಂಗ್ಲಿಷಿನಲ್ಲಿ. ವಿವರಿಸಲು ಸಾಲುವ ಕನ್ನಡ ಆಜ್ಞಾಪಿಸಲು ಏಕೆ ಸಾಲದು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನಾವು ಬಂದು ಸೇರುವುದು ನಮ್ಮ ವ್ಯಾಕರಣದ ತರಗತಿಗೇ.

ಮೊದಲ ಗಣಕಗಳಿಗೆ ಅಂಕಿಗಳಲ್ಲದೆ ಬೇರೆ ಭಾಷೆ ತಿಳಿದಿರಲಿಲ್ಲ. 1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಹೊರತಂದ ಫೋರ್ಟ್ರಾನ್, ಗಣಿತದ ಸೂತ್ರಗಳನ್ನು ಹೆಚ್ಚುಕಡಿಮೆ ಇದ್ದಂತೆಯೇ ಬರೆಯಲು ಅವಕಾಶ ಕೊಟ್ಟಿತು. ಅವನ್ನು ಯಂತ್ರದ ಅಂಕಿಗಳಿಗೆ ಇಳಿಸುವ ಕೆಲಸ ಕಂಪೈಲರಿನದಾಯಿತು. ಅದೇ ದಶಕದಲ್ಲಿ ಗ್ರೇಸ್ ಹಾಪರ್ ಬಯಸಿದ್ದು ಸೂತ್ರಗಳನ್ನಲ್ಲ, ಲೆಕ್ಕಪತ್ರದ ಗುಮಾಸ್ತರಿಗೂ ಅರ್ಥವಾಗುವ ವಾಕ್ಯಗಳನ್ನು. ಆಕೆ ಮುಂದೆ ನೆನಪಿಸಿಕೊಂಡ ಒಂದು ಪ್ರಸಂಗ ಸ್ವಾರಸ್ಯಕರವಾಗಿದೆ. ಒಂದೇ ಕ್ರಮವಿಧಿಯನ್ನು ಇಂಗ್ಲಿಷಿನಲ್ಲಿಯೂ ಫ್ರೆಂಚ್, ಜರ್ಮನ್ ಭಾಷೆಗಳಲ್ಲಿಯೂ ಬರೆದು ಸಂಸ್ಥೆಯ ಆಡಳಿತದವರಿಗೆ ತೋರಿಸಿದಾಗ ಅವರು ಗಾಬರಿಗೊಂಡರಂತೆ: ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಫ್ರೆಂಚ್ ತಿಳಿಯುವುದೆಂತು? ಯಂತ್ರಕ್ಕೆ ಇಂಗ್ಲಿಷೂ ತಿಳಿದಿರಲಿಲ್ಲವೆಂಬುದು ಅವರಿಗೆ ಹೊಳೆಯಲಿಲ್ಲ. ಪದವು ಅಲ್ಲಿ ಕೇವಲ ಗುರುತು. ಯಾವ ಭಾಷೆಯ ಪದವಾದರೂ ಆದೀತು. ಆದರೂ ಇಂಗ್ಲಿಷೇ ಉಳಿಯಿತು. ಹಾಪರರ ಪ್ರಯತ್ನದ ಫಲವನ್ನು ಹೀರಿಕೊಂಡು ಬಂದ ಕೋಬಾಲ್ ಭಾಷೆ (1960) ‘ಆಡ್ ಎ ಟು ಬಿ’ ಎಂದೇ ಮಾತಾಡಿತು.

ಆಮೆಯ ಆಜ್ಞೆಗಳು ಬಂದದ್ದು ಲೋಗೋ ಎಂಬ ಭಾಷೆಯಿಂದ. ಸೀಮೋರ್ ಪೇಪರ್ಟ್, ವಾಲಿ ಫ್ಯೂರ್ಜಿಗ್, ಸಿಂಥಿಯಾ ಸಾಲೊಮನ್ ಅದನ್ನು 1967ರಲ್ಲಿ ಮಕ್ಕಳಿಗೆಂದೇ ರೂಪಿಸಿದರು. ಅದಕ್ಕೆ ಕನ್ನಡದ ಆವೃತ್ತಿಯೂ ಉಂಟು. ಕನ್ನಡದಲ್ಲಿ ಗಣಕದ ಕೆಲಸವನ್ನು ಬೆಳೆಸಿದವರಲ್ಲಿ ಪ್ರಮುಖರಾದ ಡಾ. ಯು. ಬಿ. ಪವನಜರು ‘ಕನ್ನಡ ಲೋಗೋ’ವನ್ನು ಸಿದ್ಧಪಡಿಸಿ, ಮಕ್ಕಳು ಕನ್ನಡದ ಪದಗಳಿಂದಲೇ ಆಮೆಯನ್ನು ನಡೆಸಬಹುದೆಂದು ತೋರಿಸಿಕೊಟ್ಟರು. ಹಾಪರರ ಮಾತು ನಮ್ಮ ಲಿಪಿಯಲ್ಲಿಯೂ ನಿಜವಾಯಿತು.

ಪದ ಬದಲಾಯಿತು, ಸರಿ, ವಾಕ್ಯ ಬದಲಾಯಿತೇ? ಪ್ರಶ್ನೆಯ ತಿರುಳು ಇಲ್ಲಿದೆ. ‘ಫಾರ್ವರ್ಡ್ 100’ ಎಂಬಲ್ಲಿ ಆಜ್ಞೆ ಮೊದಲು, ಅಳತೆ ಆಮೇಲೆ. ಇಂಗ್ಲಿಷಿನ ವಿಧ್ಯರ್ಥಕ ವಾಕ್ಯದ ನಡೆ ಅದು. ನಾವಾದರೆ ‘ನೂರು ಹೆಜ್ಜೆ ಮುಂದೆ ಹೋಗು’ ಎನ್ನುತ್ತೇವೆ. ಕ್ರಿಯಾಪದ ಕೊನೆಗೆ ಬರುತ್ತದೆ. ಕ್ರಿಯೆ ಕೊನೆಗೆ ಬಂದರೆ ಯಂತ್ರಕ್ಕೆ ತೊಡಕಾದೀತೆಂದು ಭಾವಿಸಬೇಕಾಗಿಲ್ಲ. ಚಾರ್ಲ್ಸ್ ಮೂರ್ 1970ರ ಸುಮಾರಿಗೆ ರೂಪಿಸಿದ ಫೋರ್ತ್ ಭಾಷೆಯಲ್ಲಿ ಎರಡನ್ನೂ ಮೂರನ್ನೂ ಕೂಡಲು ‘2 3 +’ ಎಂದು ಬರೆಯಬೇಕು. ಯಂತ್ರವು ಬಂದ ಸಂಖ್ಯೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟುಕೊಂಡು, ಕ್ರಿಯೆಯ ಚಿಹ್ನೆ ಬಂದೊಡನೆ ಮೇಲಿನೆರಡನ್ನು ತೆಗೆದು ಕೂಡುತ್ತದೆ. ಮುದ್ರಣಕ್ಕಾಗಿ ಬಂದ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯದೂ ಇದೇ ರೀತಿ. ಚಂಪೂಕಾವ್ಯದ ದೀರ್ಘ ವಾಕ್ಯವನ್ನು ಓದುವಾಗ ನಾವು ಮಾಡುವುದೂ ಇದನ್ನೇ ಅಲ್ಲವೇ? ನಾಮಪದಗಳನ್ನು ಮನಸ್ಸಿನಲ್ಲಿ ಕಾಯ್ದಿರಿಸಿಕೊಂಡು ಕ್ರಿಯಾಪದಕ್ಕಾಗಿ ಕಾಯುತ್ತೇವೆ.

ಆದರೆ ಕನ್ನಡದ ಓದುಗನಿಗೆ ಫೋರ್ತಿನ ಯಂತ್ರಕ್ಕಿಲ್ಲದ ಒಂದು ಸೌಕರ್ಯವಿದೆ, ಅದು ವಿಭಕ್ತಿ. ಫೋರ್ತಿನಲ್ಲಿ ಕಳೆಯುವಾಗ ಸಂಖ್ಯೆಗಳ ಸ್ಥಾನ ಅದಲುಬದಲಾದರೆ ಉತ್ತರವೇ ಬೇರೆಯಾಗುತ್ತದೆ. ನಮ್ಮಲ್ಲಿ ‘ಹತ್ತರಿಂದ ಮೂರನ್ನು ಕಳೆ’ ಎಂದರೂ ‘ಮೂರನ್ನು ಹತ್ತರಿಂದ ಕಳೆ’ ಎಂದರೂ ಉತ್ತರ ಏಳೇ. ಪದ್ಯದಲ್ಲಿ ಕವಿ ಪದಗಳನ್ನು ಎಲ್ಲೆಲ್ಲಿಯೋ ಇಟ್ಟಿದ್ದರೂ ಅನ್ವಯ ಮಾಡಲು ಸಾಧ್ಯವಾಗುವುದು ಈ ಪ್ರತ್ಯಯಗಳ ಬಲದಿಂದ. ಕಂಪೈಲರ್ ಮೊದಲು ಮಾಡುವ ಕೆಲಸವೂ ಒಂದು ಬಗೆಯ ಅನ್ವಯವೇ: ಯಾವುದು ಕ್ರಿಯೆ, ಯಾವುದರ ಮೇಲೆ ಕ್ರಿಯೆ, ಫಲ ಎಲ್ಲಿಗೆ ಎಂಬುದರ ನಿರ್ಣಯ. ವಿಭಕ್ತಿಯನ್ನೇ ನೆಚ್ಚಿದ ಕ್ರಮವಿಧಿಯೂ ಬಂದಿದೆ, ಲ್ಯಾಟಿನ್ ಭಾಷೆಯಲ್ಲಿ. ಡೇಮಿಯನ್ ಕಾನ್ವೇ 2000ದಲ್ಲಿ ಪರ್ಲ್ ಭಾಷೆಗೆ ತೊಡಿಸಿದ ‘ಪರ್ಲಿಗಾಟಾ’ ಎಂಬ ಲ್ಯಾಟಿನ್ ವೇಷದಲ್ಲಿ, ಕೊಡುವ ಬೆಲೆಗೆ ದ್ವಿತೀಯಾ, ಅದನ್ನು ಪಡೆಯುವ ಸ್ಥಾನಕ್ಕೆ ಚತುರ್ಥಿ. ಪದಗಳ ಅನುಕ್ರಮ ಬಹುಮಟ್ಟಿಗೆ ಬರೆಯುವವನ ಇಚ್ಛೆ. ಅರ್ಧ ವಿನೋದಕ್ಕಾಗಿ ಮಾಡಿದ್ದು ನಿಜ, ಆದರೆ ಅದು ಕೆಲಸ ಮಾಡುತ್ತಿತ್ತು.

ಕನ್ನಡದಲ್ಲಿ ಇಂಥದನ್ನು ಕಟ್ಟಹೊರಟರೆ ಏನೇನು ಎದುರಾಗುತ್ತದೆ? ಲಿಪಿಯ ಮಟ್ಟದಲ್ಲಿ ದಾರಿ ಅರ್ಧ ತೆರೆದಿದೆ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ‘ಮೊತ್ತ’, ‘ಬೆಲೆ’ ಎಂಬ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದು. ‘ಸಾಫ್ಟ್‌ವೇರ್’ ಎಂದು ಮಾತ್ರ ಇಡಲಾಗದು. ಟಕಾರಕ್ಕೆ ವಕಾರ ಒತ್ತಾಗದಂತೆ ನಡುವೆ ನಾವು ಹಾಕುವ ಕಾಣದ ಅಕ್ಷರವನ್ನು ಪೈಥಾನ್ ಒಪ್ಪುವುದಿಲ್ಲ. ಇದು ಚಿಕ್ಕ ತೊಡಕು. ದೊಡ್ಡದು ಪ್ರತ್ಯಯದ್ದು. ‘ಮೊತ್ತಕ್ಕೆ’, ‘ಬೆಲೆಗೆ’, ‘ಹೆಸರಿಗೆ’, ‘ಗುರುವಿಗೆ’ ಎಂಬ ನಾಲ್ಕೂ ಚತುರ್ಥಿಯೇ ಎಂದು ಯಂತ್ರ ಅರಿಯಬೇಕು. ‘ಹೆಸರಿಗೆ’ ಎಂಬಲ್ಲಿ ಲೋಪವಾದ ಉಕಾರವನ್ನು ಮರಳಿ ತರಬೇಕು, ‘ಗುರುವಿಗೆ’ ಎಂಬಲ್ಲಿ ಆಗಮವಾದ ವಕಾರವನ್ನು ಕಳಚಬೇಕು. ಅಕಾರಾಂತಕ್ಕೆ ‘ಕ್ಕೆ’ ಬರುವುದು ಎಲ್ಲಿ, ‘ರಾಮನಿಗೆ’ ಎಂಬಂತೆ ನಕಾರ ಬರುವುದು ಎಲ್ಲಿ? ಈ ಭೇದಕ್ಕೆ ಲಿಂಗವಿವಕ್ಷೆಯೂ ಬೇಕು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ ಪ್ರಕರಣಗಳನ್ನು ಬೇರೆಬೇರೆಯಾಗಿ ಬರೆದ. ಗಣಕಕ್ಕಾದರೆ ಅವೆರಡನ್ನೂ ಒಟ್ಟಿಗೆ, ಅದೂ ಹಿಂದುಮುಂದಾಗಿ, ಸಿದ್ಧಪದದಿಂದ ಪ್ರಕೃತಿಯ ಕಡೆಗೆ, ಬರೆದುಕೊಡಬೇಕಾಗುತ್ತದೆ.