ಒಲೆಗೊಬ್ಬ ಕಾವಲುಗಾರ

ಹೊರಗೆ ಹಿಮ ಬೀಳುತ್ತಿದೆ. ಒಳಗೆ ಮಕ್ಕಳು ಕಂಬಳಿ ಹೊದ್ದು ಮಲಗಿದ್ದಾರೆ. ಮೂಲೆಯಲ್ಲಿರುವ ಕಬ್ಬಿಣದ ಒಲೆ ಯಾರೂ ಮುಟ್ಟದೆಯೇ ಹೊತ್ತಿಕೊಳ್ಳುತ್ತದೆ. ಕೋಣೆ ಬೆಚ್ಚಗಾದ ಮೇಲೆ ತಾನಾಗಿಯೇ ಆರುತ್ತದೆ. ಅಮೆರಿಕದ ಉತ್ತರ ರಾಜ್ಯಗಳಲ್ಲಿ ನೆಲಸಿದ ಮಕ್ಕಳ ಮನೆಗೆ ಚಳಿಗಾಲದಲ್ಲಿ ಹೋದ ನಮ್ಮ ತಾಯಿತಂದೆಗಳಿಗೆ ಇದು ಮಾಟದಂತೆ ತೋರಿದರೆ ಆಶ್ಚರ್ಯವಿಲ್ಲ. ಬೆಂಕಿ ಉರಿಯುವ ಮನೆಯಲ್ಲಿ ಒಬ್ಬರಾದರೂ ಎಚ್ಚರವಾಗಿರಬೇಕೆಂದು ತಿಳಿದು ಬೆಳೆದವರು ಅವರು. ಇಲ್ಲಿ ಎಚ್ಚರವಾಗಿರುವವರು ಯಾರು?

ತಗಡಿನ ಒಲೆಯ ನಡುವೆ ಸೀಸೆಯನ್ನು ನಿಲ್ಲಿಸಿ, ಸುತ್ತಲೂ ಮರದ ಹೊಟ್ಟನ್ನು ಗಟ್ಟಿಸಿ ತುಂಬಿ, ಸೀಸೆಯನ್ನು ಮೆಲ್ಲನೆ ಎಳೆದು ಉರಿ ಹಾಕುತ್ತಿದ್ದುದು ನಮ್ಮ ಹಿರಿಯ ಗೃಹಿಣಿಯರಿಗೆ ನೆನಪಿರಬಹುದು. ಅದೇ ಹೊಟ್ಟನ್ನು ಯಂತ್ರದಲ್ಲಿ ಅದುಮಿ ಸುಮಾರು 6 ಮಿಲಿಮೀಟರ್ ದಪ್ಪದ ಗುಳಿಗೆ ಮಾಡಿದರೆ ಅದು ‘ಪೆಲೆಟ್’. ಅಂಟು ಬೇಕಿಲ್ಲ, ಒತ್ತಡದ ಶಾಖಕ್ಕೆ ಮರದಲ್ಲಿರುವ ಲಿಗ್ನಿನ್ ಎಂಬ ದ್ರವ್ಯವೇ ಮೆತ್ತಗಾಗಿ ಹುಡಿಯನ್ನು ಹಿಡಿದಿಡುತ್ತದೆ. ಒಲೆಯ ತೊಟ್ಟಿಯಿಂದ ತಿರುಪಿನಂಥ ಸರಳೊಂದು ಗುಳಿಗೆಗಳನ್ನು ಇಷ್ಟಿಷ್ಟೇ ಬೆಂಕಿಯ ಬಟ್ಟಲಿಗೆ ಉದುರಿಸುತ್ತದೆ. ವಿದ್ಯುತ್ತಿನಿಂದ ಕಾಯುವ ಕಡ್ಡಿ ಅವನ್ನು ಹೊತ್ತಿಸುತ್ತದೆ. ಒಂದು ಪಂಖ ಹೊಗೆಯನ್ನು ಹೊರಕ್ಕೂ, ಇನ್ನೊಂದು ಶಾಖವನ್ನು ಕೋಣೆಗೂ ತಳ್ಳುತ್ತದೆ.

ಇವೆಲ್ಲಕ್ಕೂ ಅಪ್ಪಣೆ ಕೊಡುವುದು ಗೋಡೆಯ ಮೇಲಿನ ಥರ್ಮೋಸ್ಟಾಟ್. 1830ರಲ್ಲಿ ಆ ಹೆಸರಿಟ್ಟವನು ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್. ಬೇರೆ ಬೇರೆ ಲೋಹದ ಎರಡು ಪಟ್ಟಿಗಳನ್ನು ಬೆಸೆದು ಕಾಯಿಸಿದರೆ, ಒಂದು ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಜೋಡಿಪಟ್ಟಿ ಬಾಗುತ್ತದೆ. ಈ ಬಾಗುವಿಕೆಯೇ ಅವನ ಸಾಧನದ ಜೀವಾಳ. ಮುಂದೆ 1883ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಅಧ್ಯಾಪಕ ವಾರನ್ ಜಾನ್ಸನ್ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟು ಪಡೆದನು. ಇಂದು ಲೋಹದ ಪಟ್ಟಿಯ ಸ್ಥಾನದಲ್ಲಿ ಬಹುಮಟ್ಟಿಗೆ ಎಲೆಕ್ಟ್ರಾನಿಕ್ ಸಾಧನವಿದೆ. ಆದರೂ ಕೆಲಸ ಅದೇ: ಕೋಣೆ ತಣ್ಣಗಾದರೆ ಎರಡು ತಂತಿಗಳನ್ನು ಕೂಡಿಸುವುದು, ಬೆಚ್ಚಗಾದರೆ ಅಗಲಿಸುವುದು.

ತೊಡಕಿರುವುದು ಇಲ್ಲಿಯೇ. ಬೆಂಕಿಯು ವಿದ್ಯುದ್ದೀಪವಲ್ಲ. ಹೊತ್ತಿ ಶಾಖ ಕೊಡಲು ಅದಕ್ಕೆ ಹಲವು ನಿಮಿಷಗಳು ಬೇಕು. ಉಳಿದ ಗುಳಿಗೆ ಉರಿದು ಒಲೆ ತಣಿಯಲು ಮತ್ತೆ ಹಲವು ನಿಮಿಷಗಳು. ಅರ್ಧ ಡಿಗ್ರಿಯ ವ್ಯತ್ಯಾಸಕ್ಕೆಲ್ಲ ಥರ್ಮೋಸ್ಟಾಟ್ ಅಪ್ಪಣೆ ಕೊಡತೊಡಗಿದರೆ ಒಲೆಗೆ ವಿಶ್ರಾಂತಿಯೇ ಇಲ್ಲ. ಕಡ್ಡಿ ಸವೆಯುತ್ತದೆ, ಮಸಿ ಕಟ್ಟುತ್ತದೆ. ಆದ್ದರಿಂದ 20 ಡಿಗ್ರಿ ಸೆಲ್ಸಿಯಸ್ ಬೇಕೆನ್ನುವವರು, 19ಕ್ಕೆ ಹೊತ್ತಿ 21ಕ್ಕೆ ಆರುವಂತೆ ಅಂತರ ಬಿಡುವುದು ಲೇಸು. ಕಡುಚಳಿಯಲ್ಲಿ ಒಲೆಯನ್ನು ಪೂರ್ತಿ ಆರಿಸದೆ, ಸಣ್ಣ ಉರಿ–ದೊಡ್ಡ ಉರಿಗಳ ನಡುವೆ ಬದಲಾಗುವಂತೆ ಇಡುವ ಏರ್ಪಾಟೂ ಅನೇಕ ಒಲೆಗಳಲ್ಲಿದೆ.

ಥರ್ಮೋಸ್ಟಾಟಿನ ಸ್ಥಳವೂ ಮುಖ್ಯ. ಒಲೆಯ ಪಕ್ಕದಲ್ಲಿಟ್ಟರೆ ಮನೆಯೆಲ್ಲ ಬೆಚ್ಚಗಾಯಿತೆಂದು ಅದು ಮೋಸಹೋಗುತ್ತದೆ. ಬಾಗಿಲ ಸಂದಿಯ ಗಾಳಿಗೆ ಸಿಕ್ಕಿದರೆ ಒಲೆಯನ್ನು ವೃಥಾ ಉರಿಸುತ್ತದೆ. ಬಿಸಿಲು ತಾಕದ ಒಳಗೋಡೆಯ ಮೇಲೆ, ನೆಲದಿಂದ ಸುಮಾರು 5 ಅಡಿ ಎತ್ತರ ಉಚಿತ. ಅನೇಕ ಒಲೆಗಳಲ್ಲಿ ಈ ತಂತಿಗಳಿಗೆ ಮೀಸಲಾದ ಜಾಗ ಅತ್ಯಲ್ಪ ವಿದ್ಯುತ್ತಿಗೆಂದೇ ಇರುವುದು. ಮನೆಯ ಮುಖ್ಯ ವಿದ್ಯುತ್ತನ್ನು ಅಲ್ಲಿ ಜೋಡಿಸಿದರೆ ಯಂತ್ರವೂ ಹಾಳು, ಪ್ರಾಣಕ್ಕೂ ಅಪಾಯ. ಒಲೆಯ ಕೈಪಿಡಿಯನ್ನು ಓದದೆ ಕೈಹಾಕಬಾರದು.

ಕೊನೆಯದಾಗಿ ಒಂದು ಮಾತು. ಈ ಕಾವಲುಗಾರನಿಗೆ ಗೊತ್ತಿರುವುದು ಗಾಳಿಯ ಬಿಸಿಯೊಂದೇ. ಬೂದಿ ತುಂಬಿದ್ದು, ಹೊಗೆಕೊಳವೆ ಕಟ್ಟಿಕೊಂಡದ್ದು ಅವನಿಗೆ ಕಾಣಿಸದು. ವಿದ್ಯುತ್ತು ಹೋಗಿ ಪಂಖ ನಿಂತರೆ ಹೊಗೆ ಮನೆಯೊಳಕ್ಕೇ ಬಂದೀತು. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲಬಲ್ಲದು. ಮಲಗುವ ಕೋಣೆಯ ಬಳಿ ಅದನ್ನು ಗುರುತಿಸಿ ಕೂಗುವ ಎಚ್ಚರಿಕೆಗಂಟೆ ಇರಲೇಬೇಕು. ಬೂದಿ ತೆಗೆಯುವ ಕೆಲಸ ತಪ್ಪಬಾರದು. ಥರ್ಮೋಸ್ಟಾಟ್ ನಮ್ಮ ಜಾಗರಣೆಯನ್ನು ತಪ್ಪಿಸಿದೆ, ಜವಾಬ್ದಾರಿಯನ್ನಲ್ಲ.