ಚಳಿಗಾಲದಲ್ಲಿ ಕುಂಡದ ಬಿದಿರು ಸಸಿಗಳ ಆರೈಕೆ



ಮಳೆಗಾಲದ ಕೊನೆಗೆ ತಂದ ಬಿದಿರು ಸಸಿಗಳು ನಾಟಿಗೆ ತಡವಾಯಿತೆಂದು ನಿಮ್ಮ ಮನೆಯಲ್ಲಿ ಹಾಗೆಯೇ ಉಳಿದಿವೆಯೇ? ಹಾಗಿದ್ದರೆ ಮುಂದಿನ ಮುಂಗಾರಿನವರೆಗೆ ಅವನ್ನು ಕುಂಡ ಅಥವಾ ಪ್ಲಾಸ್ಟಿಕ್ ಚೀಲದಲ್ಲೇ ಕಾಯ್ದುಕೊಳ್ಳಬೇಕು. ೨೦೧೭ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಅರಣ್ಯವಲ್ಲದ ಭೂಮಿಯಲ್ಲಿ ಬೆಳೆದ ಬಿದಿರನ್ನು 'ಮರ' ಎಂಬ ವ್ಯಾಖ್ಯೆಯಿಂದ ಹೊರಗಿಡಲಾಯಿತು. ಅಂದಿನಿಂದ ಹೊಲದ ಬದುವಿನ ಬಿದಿರು ರೈತನಿಗೆ ಹೆಚ್ಚು ಅನುಕೂಲದ ಬೆಳೆಯಾಗಿದೆ. ಆದರೆ ಚಳಿಗಾಲದಲ್ಲಿ ಸಸಿ ಕೈತಪ್ಪಿದರೆ ಹಣದೊಡನೆ ಒಂದು ವರ್ಷವೂ ಹೋದಂತೆಯೇ.

ಸಸಿ ಸಾಯುವುದೇಕೆ?

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಭಾಗದಲ್ಲಿ ನೀರು ಹೆಪ್ಪುಗಟ್ಟುವಂಥ ಚಳಿ ಬೀಳುವುದಿಲ್ಲ. ನಮ್ಮ ಹೆಬ್ಬಿದಿರು, ಕಿರುಬಿದಿರುಗಳು ಇಲ್ಲಿನ ಚಳಿಯನ್ನು ತಾಳಬಲ್ಲವು. ಸಸಿಗೆ ಕುತ್ತು ತರುವುದು ಒಣ ಗಾಳಿ ಮತ್ತು ಅತಿಯಾದ ನೀರು. ಕಣದಲ್ಲಿ ಹರಡಿದ ಬ್ಯಾಡಗಿ ಮೆಣಸಿನಕಾಯಿಯನ್ನು ಒಣಗಿಸುವ ಗಾಳಿಯೇ ಸಸಿಯ ಎಲೆಯನ್ನೂ ಒಣಗಿಸುತ್ತದೆ. ಎಲೆ ಒಣಗಿತೆಂದು ನಾವು ದಿನವೂ ನೀರು ಸುರಿಯುತ್ತೇವೆ. ಚಳಿಯಲ್ಲಿ ಬೆಳವಣಿಗೆ ಕುಂಠಿತವಾಗಿರುವುದರಿಂದ ಬೇರು ಆ ನೀರನ್ನು ಹೀರಲಾರದೆ ಕೊಳೆಯುತ್ತದೆ.

ಸ್ಥಳ

ಬಿದಿರು ಬೆಳಕು ಬೇಡುವ ಸಸ್ಯ. ಕತ್ತಲೆಯ ನಡುಮನೆ, ಅಡುಗೆಯ ಹೊಗೆ ಆಡುವ ಮೂಲೆ ಅದಕ್ಕೆ ಸಲ್ಲವು. ಮೂಡಣ ಗಾಳಿ ನೇರವಾಗಿ ಬಡಿಯದ, ದಿನಕ್ಕೆ ಮೂರು-ನಾಲ್ಕು ತಾಸು ಬಿಸಿಲು ಬೀಳುವ ಪಡಸಾಲೆ ಉತ್ತಮ. ಕುಂಡಗಳನ್ನು ಒತ್ತಾಗಿ ಜೋಡಿಸಿದರೆ ತೇವ ಬೇಗ ಆರುವುದಿಲ್ಲ. ಆಡು-ಕುರಿಗಳಿಗೆ ಎಟುಕದಂತೆ ನೋಡಿಕೊಳ್ಳಿರಿ.

ಮಣ್ಣು ಮತ್ತು ನೀರು

ಬರಿಯ ಎರೆಮಣ್ಣು ಕುಂಡಕ್ಕೆ ತಕ್ಕುದಲ್ಲ. ಹಸಿಯಾದಾಗ ಅಂಟಿಕೊಂಡು, ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ. ಕೆಂಪು ಮಣ್ಣು ೨ ಪಾಲು, ಮರಳು ೧ ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ೧ ಪಾಲು ಬೆರೆಸಿ ತುಂಬಿರಿ. ಕುಂಡದ ತಳದಲ್ಲಿ ರಂಧ್ರವಿರಲೇಬೇಕು.

ನೀರು ಹಾಕುವ ಮುನ್ನ ಬೆರಳನ್ನು ಎರಡು ಗೆಣ್ಣು ಆಳಕ್ಕೆ ಇಳಿಸಿ ನೋಡಿರಿ. ತೇವವಿದ್ದರೆ ಆ ದಿನ ನೀರು ಬೇಡ. ಒಣಗಿದ್ದರೆ ಬೆಳಗಿನ ಹೊತ್ತು, ತಳದಿಂದ ಹೊರಬರುವಷ್ಟು ಹಾಕಿರಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿರಿ. ಪೇಟೆಯಲ್ಲಿ ಗಾಜಿನ ಬಟ್ಟಲಿನ ನೀರಿನಲ್ಲಿಟ್ಟು 'ಲಕ್ಕಿ ಬ್ಯಾಂಬೂ' ಎಂದು ಮಾರುವ ಸಸ್ಯ ಬಿದಿರೇ ಅಲ್ಲ, ಅದು ಡ್ರಸೀನಾ. ಅದನ್ನು ನೋಡಿ ಬಿದಿರಿನ ಬುಡದಲ್ಲಿ ನೀರು ನಿಲ್ಲಿಸಬೇಡಿರಿ. ಚಳಿಗಾಲದಲ್ಲಿ ಯೂರಿಯಾ ಕೊಡುವುದೂ ಬೇಡ.

ಕೀಟಗಳು

ಒಣ ಹವೆಯಲ್ಲಿ ಎಲೆಯಡಿ ನುಸಿ, ಗೆಣ್ಣಿನ ಸಂದಿಯಲ್ಲಿ ಹಿಟ್ಟು ತಿಗಣೆ ಕಾಣಿಸಬಹುದು. ವಾರಕ್ಕೊಮ್ಮೆ ಎಲೆಗಳ ಎರಡೂ ಬದಿಗೆ ನೀರು ಚಿಮುಕಿಸಿ ತೊಳೆಯಿರಿ. ಬಾಧೆ ಉಳಿದರೆ ಲೀಟರ್ ನೀರಿಗೆ ೫ ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿರಿ.

ಎಲೆ ಉದುರಿದರೆ ಸಸಿ ಸತ್ತಂತಲ್ಲ

ಚಳಿಗಾಲ ಮುಗಿಯುವ ಹೊತ್ತಿಗೆ ಹಳೆಯ ಎಲೆ ಹಳದಿಯಾಗಿ ಉದುರುವುದು ಬಿದಿರಿನ ಸಹಜ ಗುಣ. ಒಮ್ಮೆ ನಾನೇ ಬರಿದಾದ ಕುಂಡವೊಂದನ್ನು ಸತ್ತಿತೆಂದು ಬುಡಮೇಲು ಮಾಡಿದೆ. ಒಳಗಿನ ಗಡ್ಡೆ ಬೆಳ್ಳಗೆ, ಗಟ್ಟಿಯಾಗಿತ್ತು! ಆದ್ದರಿಂದ ಎಸೆಯುವ ಮುನ್ನ ಬುಡದ ಮಣ್ಣನ್ನು ತುಸು ಸರಿಸಿ ನೋಡಿರಿ. ಗಡ್ಡೆ ಗಟ್ಟಿಯಿದ್ದರೆ ಜೀವವಿದೆ, ಹಿತವಾಗಿ ನೀರು ಕೊಡುತ್ತಿರಿ. ಮೆತ್ತಗಾಗಿ ಕಪ್ಪಗೆ ನಾರುತ್ತಿದ್ದರೆ ಮಾತ್ರ ತೆಗೆದುಹಾಕಿರಿ.

ಹೊಲಕ್ಕೆ ಸಿದ್ಧತೆ

ಚಳಿ ಹಿಂದಾದ ಮೇಲೆ ಕುಂಡವನ್ನು ಒಮ್ಮೆಗೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಹತ್ತು-ಹದಿನೈದು ದಿನಗಳಲ್ಲಿ ಬಿಸಿಲಿನ ಅವಧಿಯನ್ನು ಕ್ರಮೇಣ ಹೆಚ್ಚಿಸಿರಿ. ಬೇಸಿಗೆಯಲ್ಲಿ ಮಣ್ಣು ಬೇಗ ಆರುವುದರಿಂದ ನೀರನ್ನೂ ಹೆಚ್ಚಿಸಬೇಕು. ಮುಂಗಾರು ಮಳೆ ನೆಲ ನೆನೆಸಿದ ಮೇಲೆ ೬೦ ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿಗಳಲ್ಲಿ ೫ ಮೀಟರ್ ಅಂತರಕ್ಕೆ ನೆಡಿರಿ. ಈ ಅಂತರದಲ್ಲಿ ಎಕರೆಗೆ ಸುಮಾರು ೧೬೦ ಸಸಿಗಳು ಹಿಡಿಯುತ್ತವೆ.

ನೀರಿನಲ್ಲಿ ಮಿತಿ, ಗಾಳಿಗೆ ಮರೆ, ಎಲೆ ಉದುರಿದಾಗ ತಾಳ್ಮೆ — ಈ ಮೂರನ್ನು ಪಾಲಿಸಿದರೆ ಪಡಸಾಲೆಯ ಸಸಿ ಮುಂಗಾರಿಗೆ ಹೊಲ ಸೇರುವುದು.