ಕೈಗೆ ಪ್ಲಾಸ್ಟರ್, ಮಡಿಲಲ್ಲಿ ಕೌದಿ

ಆಗಸ್ಟ್ ಕೊನೆಯ ವಾರ. ಹುಬ್ಬಳ್ಳಿಯಲ್ಲಿ ಮಳೆ ನಿಂತು ಹತ್ತು ನಿಮಿಷವಾಗಿತ್ತಷ್ಟೇ. ಕಾಲೇಜಿನ ಗೇಟು ಕಣ್ಣಿಗೆ ಕಾಣುತ್ತಿರುವಾಗಲೇ ಗೆಳತಿಯ ಸ್ಕೂಟಿ ತಿರುವಿನಲ್ಲಿ ಜಾರಿತು. ಹಿಂದೆ ಕುಳಿತಿದ್ದ ನಾನು ಬೀಳುವಾಗ ಎಲ್ಲರೂ ಮಾಡುವುದನ್ನೇ ಮಾಡಿದೆ. ಬಲಗೈ ನೆಲಕ್ಕೆ ಊರಿದೆ. ಅವಳ ಮೊಣಕಾಲು ತರಚಿತು, ನನ್ನ ಟಿಫಿನ್ ಡಬ್ಬಿ ಗಟಾರ ಸೇರಿತು. ಇಬ್ಬರೂ ಎದ್ದು ಬಟ್ಟೆ ಕೊಡವಿಕೊಂಡು ನಕ್ಕೆವು. ಆ ನಗು ಹತ್ತು ದಿನ ಬಾಳಿತು.

ಅವತ್ತೇ ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ‘ಉಳುಕಿದೆ’ ಎಂದು ಬ್ಯಾಂಡೇಜ್ ಸುತ್ತಿ ಕಳಿಸಿದ್ದರು. ಹತ್ತು ದಿನವಾದರೂ ನಲ್ಲಿ ತಿರುಗಿಸಿದರೆ ಜೀವ ಹೋಗುವಷ್ಟು ನೋವು. ಅಪ್ಪ ಮೂಳೆ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಹೆಬ್ಬೆರಳು ಮೇಲೆತ್ತಲು ಹೇಳಿ, ಅದರ ಬುಡದಲ್ಲಿ ಮಣಿಕಟ್ಟಿನ ಹತ್ತಿರ ಮೂಡುವ ಗುಳಿಯನ್ನು ಒತ್ತಿದರು. ನಾನು ಕುರ್ಚಿಯಿಂದ ಅರ್ಧ ಎದ್ದೆ. ನಮ್ಮಜ್ಜ ನಶ್ಯ ಸುರುವಿಕೊಂಡು ಮೂಗಿಗೆ ಏರಿಸುತ್ತಿದ್ದದ್ದು ಅದೇ ಗುಳಿಯಿಂದ. ಡಾಕ್ಟರುಗಳೂ ಅದಕ್ಕೆ ನಶ್ಯದ ಡಬ್ಬಿ ಎಂದೇ ಹೆಸರಿಟ್ಟಿದ್ದಾರಂತೆ! ಮತ್ತೆ ತೆಗೆದ ಎಕ್ಸ್‌ರೇಯಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಸ್ಕೇಫಾಯ್ಡ್ ಎಂಬ, ಗೋಡಂಬಿ ಆಕಾರದ ಪುಟ್ಟ ಮೂಳೆ ಮುರಿದಿತ್ತು. ಇದು ಮುರಿದಾಗ ಮೊದಲ ಎಕ್ಸ್‌ರೇಯಲ್ಲಿ ಕಾಣದಿರುವುದೂ ಉಂಟು, ನೋವು ಹೋಗದಿದ್ದರೆ 10ರಿಂದ 14 ದಿನ ಬಿಟ್ಟು ಮತ್ತೆ ತೋರಿಸಲೇಬೇಕು ಎಂದರು. ಬೈಕು, ಸ್ಕೂಟಿ ಓಡಿಸುವ ಗೆಳೆಯ ಗೆಳತಿಯರು ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

‘ಇಷ್ಟು ಸಣ್ಣ ಮೂಳೆ, ಬೇಗ ಕೂಡುತ್ತದಲ್ಲ ಸರ್?’ ಎಂದೆ. ಅವರು ತಲೆ ಅಲ್ಲಾಡಿಸಿದರು. ಈ ಮೂಳೆಗೆ ಬಹುಪಾಲು ರಕ್ತ ಬೆರಳಿನ ಕಡೆಯ ತುದಿಯಿಂದ ಹೊಕ್ಕು ಹಿಂದಕ್ಕೆ ಹರಿಯುತ್ತದಂತೆ. ನಡುವೆ ಮುರಿದರೆ ಆಚೆಯ ತುಂಡಿಗೆ ಪೂರೈಕೆ ಕಡಿಮೆ. ಸಿವಿಲ್ ಓದುವ ನನಗೆ ತಕ್ಷಣ ಅರ್ಥವಾಯಿತು. ನಮ್ಮೂರ ನಲ್ಲಿ ಲೈನಿನ ಕೊನೆಯ ಮನೆ! ಮೊಣಕೈ ಕೆಳಗಿನಿಂದ ಹೆಬ್ಬೆರಳಿನ ಗೆಣ್ಣಿನವರೆಗೆ ಪ್ಲಾಸ್ಟರ್ ಬಿತ್ತು. ‘ಆರು ವಾರ. ಆಮೇಲೆ ನೋಡೋಣ’ ಎಂದರು.

ಮನೆಗೆ ಬಂದು ಅತ್ತೆ. ಅತ್ತದ್ದು ಇಂಟರ್ನಲ್ಸ್‌ಗಾಗಿ ಅಲ್ಲ, ಕೌದಿಗಾಗಿ.

ಉತ್ತರ ಕರ್ನಾಟಕದವರಿಗೆ ಕೌದಿಯನ್ನು ಪರಿಚಯಿಸಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ಚೂರು ಬಟ್ಟೆ ಜೋಡಿಸಿ, ಒತ್ತೊತ್ತಾಗಿ ಕೈಯಿಂದ ಹೊಲಿದ ಹೊದಿಕೆ ಅದು. ಪದರಗಳು ಒಂದರ ಮೇಲೊಂದು ಜಾರದಂತೆ ಹಿಡಿದಿಡುವುದು ಆ ಸಣ್ಣ ಸಣ್ಣ ಹೊಲಿಗೆಗಳೇ. ನಮ್ಮ ಹಳ್ಳಿ ಇರುವುದು ಕಲಘಟಗಿ ತಾಲ್ಲೂಕಿನಲ್ಲಿ. ನಮ್ಮಾಚೆಯ ಹಳಿಯಾಳ, ಮುಂಡಗೋಡ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಇಂಥದ್ದೇ. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಮ್ಮ ಆಯಿ, ಅಂದರೆ ನಮ್ಮಜ್ಜಿ, ಹೊಲಿಯುವುದೂ ಹಾಗೆಯೇ. ಪಿಯುಸಿ ರಜೆಯಲ್ಲಿ ಮೊಬೈಲ್ ಹಿಡಿದು ಬಿದ್ದುಕೊಂಡಿರುತ್ತಿದ್ದ ನನ್ನನ್ನು ಎಬ್ಬಿಸಿ ಕೈಗೆ ಸೂಜಿ ಕೊಟ್ಟವಳೂ ಅವಳೇ. ಅಂದಿನಿಂದ ಶಟಲ್ ಆಡುವುದು, ರಂಗೋಲಿ ಹಾಕುವುದರ ಜೊತೆ ಇದೂ ನನ್ನ ಹುಚ್ಚುಗಳ ಪಟ್ಟಿಗೆ ಸೇರಿತು.

ಡಿಸೆಂಬರ್‌ನಲ್ಲಿ ಅಕ್ಕನ ಚೊಚ್ಚಲ ಹೆರಿಗೆ. ಬಾಣಂತನ ನಮ್ಮ ಮನೆಯಲ್ಲೇ. ‘ಕೂಸಿನ ಕೌದಿ ನಾನ ಹೊಲಿಯಾಕಿ’ ಎಂದು ಫೋನಿನಲ್ಲಿ ಜಂಬ ಕೊಚ್ಚಿದ್ದೆ. ಆಯಿಯ ಹತ್ತಿ ಸೀರೆಗಳು ಒಗೆದು ಒಗೆದು ಬೆಣ್ಣೆಯಂತಾಗಿದ್ದವು. ಅವನ್ನೇ ಹಾಸಿ ಎರಡು ಸುತ್ತು ಮುಗಿಸಿದ್ದೆ. ಅಷ್ಟರಲ್ಲಿ ಸ್ಕೂಟಿ ಜಾರಿತ್ತು.

ಆಯಿಯೇ ಹೊಲಿಯಬಹುದಿತ್ತಲ್ಲ ಎನ್ನಬೇಡಿ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಎಂದರೆ ‘ಸುಗ್ಗಿ ಮುಗೀಲಿ’ ಎನ್ನುತ್ತಾಳೆ. ಕೈಗೆ ಹೊಲಿಗೆ ಗೊತ್ತು. ಆದರೆ ಸೂಜಿಯ ಕಣ್ಣು ಕಾಣದು, ಗೆರೆ ಎತ್ತ ಹೊರಟಿದೆ ತಿಳಿಯದು.

ಹಾಸ್ಟೆಲಿನಲ್ಲಿ ಜಡೆ ಹಾಕಿಕೊಳ್ಳಲೂ ಆಗದೆ, ಮನೆಯಿಂದಲೇ ಬಸ್ಸಿನಲ್ಲಿ ಓಡಾಡತೊಡಗಿದೆ. ಸಂಜೆ ಬಂದವಳೇ ಗೋಡೆಗೆ ಒರಗಿ ಕೂರುತ್ತಿದ್ದೆ. ಗ್ರೂಪಿನಲ್ಲಿ ಗೆಳತಿಯರ ಶಟಲ್ ಫೋಟೊ ನೋಡಿ ಮೊಬೈಲ್ ಕವುಚಿಡುತ್ತಿದ್ದೆ. ಎರಡು ವಾರ ಹೀಗೇ ನಡೆಯಿತು. ಒಂದು ಸಂಜೆ ಆಯಿ ಮಂಚದಿಂದ ಕೌದಿ ಎಳೆದು ತಂದು ನನ್ನ ಮಡಿಲಿಗೆ ಹಾಕಿದಳು.

‘ಬಲಗೈ ಮುರದೈತಿ. ಕಣ್ಣೇನ ಮುರದಿಲ್ಲಲ್ಲ? ಕೈ ನಂದೈತಿ, ಕಣ್ಣ ನೀ ಕೊಡು.’

ಮರುದಿನದಿಂದ ನಮ್ಮ ಪಾಲುದಾರಿಕೆ ಶುರುವಾಯಿತು. ಮೊದಲ ಸಮಸ್ಯೆ ಸೂಜಿಗೆ ದಾರ ಪೋಣಿಸುವುದು. ಒಂದೇ ಕೈ, ಅದೂ ಎಡಗೈ. ಅಡುಗೆ ಮನೆಯಿಂದ ಆಲೂಗಡ್ಡೆ ತಂದು ಅದಕ್ಕೆ ಸೂಜಿ ಚುಚ್ಚಿ ನಿಲ್ಲಿಸಿದೆ. ಎಡಗೈಯಿಂದ ದಾರ ತೂರಿಸುವುದು ಎರಡೇ ದಿನದಲ್ಲಿ ಬಂತು. ಬೆಳಿಗ್ಗೆ ಬಸ್ಸಿಗೆ ಹೋಗುವ ಮುನ್ನ ಹತ್ತು ಸೂಜಿ ಪೋಣಿಸಿಟ್ಟರೆ ಆಯಿಗೆ ಮಧ್ಯಾಹ್ನದ ಕೆಲಸಕ್ಕೆ ಸಾಕಾಗುತ್ತಿತ್ತು. ಅವ್ವ ಸಾರಿಗೆಂದು ಹೆಚ್ಚಲು ಹೋಗಿ, ‘ಇದೇನ ಮುಳ್ಳಹಂದಿ!’ ಎಂದು ಚೀರಿದ್ದೂ ಆಯಿತು.

ಕತ್ತರಿ ಎಡಗೈಗೆ ಒಗ್ಗಲಿಲ್ಲ. ಅದಕ್ಕೂ ದಾರಿ ಸಿಕ್ಕಿತು. ಹತ್ತಿ ಬಟ್ಟೆಯ ಅಂಚಿಗೆ ಚೂರು ಕತ್ತರಿ ತಾಗಿಸಿ ಎಳೆದರೆ ಎಳೆ ಹಿಡಿದು ನೇರವಾಗಿ ಹರಿಯುತ್ತದೆ. ಒಂದು ತುದಿ ನನ್ನ ಕಾಲಡಿ, ಇನ್ನೊಂದು ತುದಿ ಎಡಗೈಯಲ್ಲಿ. ಚರ್ರ್! ಸೀಮೆಸುಣ್ಣದ ಗೆರೆ ಆಯಿಗೆ ಕಾಣುತ್ತಿರಲಿಲ್ಲ. ಉಗುರಿನಿಂದ ಒತ್ತಿ ಮಡಿಕೆ ಮೂಡಿಸಿದರೆ ಅವಳ ಬೆರಳಿಗೆ ತಿಳಿಯುತ್ತಿತ್ತು. ಸಂಜೆ ನಾನು ಪಕ್ಕದಲ್ಲಿ ಕೂತು ‘ಎಡಕ್ಕ ತಗೋ ಆಯಿ, ಹಾಂ, ಇಲ್ಲೆ ತಿರುವು’ ಎನ್ನುವುದು, ಅವಳು ಹೊಲಿಯುವುದು. ನಡುನಡುವೆ ನೋಟ್ಸನ್ನು ಜೋರಾಗಿ ಓದಿಕೊಳ್ಳುತ್ತಿದ್ದೆ. ಬೀಮಿನ ಮೇಲೆ ಭಾರ ಬಿದ್ದರೆ ಅದು ಹೇಗೆ ಬಾಗುತ್ತದೆ ಎಂಬ ಪಾಠ ಕೇಳಿ ಆಯಿ, ‘ನಮ್ಮ ಅಟ್ಟದ ತೊಲಿ ಬಾಗೇತಿ, ಅದನ್ನ ಮದಲ ನೋಡ’ ಎಂದಳು. ದೀಪಾವಳಿಗೆ ಎಡಗೈಯಲ್ಲೇ ರಂಗೋಲಿ ಹಾಕಿದೆ. ನವಿಲು ಕೋಳಿಯಂತಾದರೂ ಅವ್ವ ಅಳಿಸಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಜಾಣೆ. ಆದರೆ ಐದನೇ ವಾರ ಹೊತ್ತಿಗೆ ನೋವು ಹೋಗಿತ್ತು. ಹೆಬ್ಬೆರಳಿನ ತುದಿ ಪ್ಲಾಸ್ಟರಿನಿಂದ ಹೊರಗಿತ್ತಲ್ಲ, ಅದರಿಂದ ಸೂಜಿ ಹಿಡಿಯಬಹುದು ಅನಿಸಿತು. ಎಲ್ಲರೂ ಮಲಗಿದ ಮೇಲೆ, ಮೂರು ರಾತ್ರಿ, ಕದ್ದು ಹೊಲಿದೆ. ಮೂರನೇ ರಾತ್ರಿ ಪ್ಲಾಸ್ಟರಿನೊಳಗೆ ಮಣಿಕಟ್ಟು ಮಿಡಿಯತೊಡಗಿತು. ಯಾರಿಗೂ ಹೇಳಲಿಲ್ಲ.

ಆರನೇ ವಾರದ ಎಕ್ಸ್‌ರೇ ನೋಡಿದ ಡಾಕ್ಟರು, ‘ಇನ್ನೂ ಸರಿಯಾಗಿ ಕೂಡಿಲ್ಲ’ ಎಂದರು. ಆಮೇಲೆ ಪ್ಲಾಸ್ಟರಿನ ಅಂಚಿಗೆ ಸಿಕ್ಕಿಕೊಂಡಿದ್ದ ಕೆಂಪು ದಾರ ಎಳೆದು, ‘ಇದೇನಮ್ಮ?’ ಎಂದರು. ಅಪ್ಪನ ಮುಖ ನೋಡಲಾಗಲಿಲ್ಲ. ಬೆರಳು ಆಡಿಸು ಎಂದದ್ದು ಬೇರೆ, ಹೆಬ್ಬೆರಳು ತೋರುಬೆರಳಿನ ನಡುವೆ ಬಿಗಿಯಾಗಿ ಹಿಡಿದು ಕೆಲಸ ಮಾಡುವುದು ಬೇರೆ, ಆ ಒತ್ತಡ ನೇರ ಈ ಮೂಳೆಯ ಮೇಲೇ ಬೀಳುತ್ತದೆ ಎಂದು ವಿವರಿಸಿದರು. ‘ಇದರಿಂದಲೇ ತಡವಾಯಿತು ಅಂತ ಹೇಳಲಾರೆ, ಇದು ಮೊದಲೇ ನಿಧಾನದ ಮೂಳೆ. ಆದರೆ ಮತ್ತೆ ಹಿಡಿಯಬೇಡ.’ ಕೂಡದೇ ಹೋದರೆ ಆಪರೇಷನ್ ಮಾಡಿ ಸ್ಕ್ರೂ ಹಾಕಬೇಕಾಗಬಹುದು ಎಂದೂ ಹೇಳಿದರು. ಇನ್ನೂ ನಾಲ್ಕು ವಾರ ಪ್ಲಾಸ್ಟರ್.

ಬಸ್ಸಿನಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ಆಯಿ ಮಾತ್ರ ಕೇಳಿದಳು: ‘ಹೊಲದಾಗ ಬೀಜಾ ಹಾಕಿ ದಿನಾ ಕೆದರಿ ನೋಡ್ತಾರೇನ ಖೋಡಿ?’

ಹವ್ಯಾಸ ಬಿಡಬಾರದು, ಮುಂದುವರಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಮುಂದುವರಿಸುವುದೆಂದರೆ ಮೊದಲಿನಂತೆಯೇ ಮಾಡುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಒಂದು ಕೌದಿಯೊಳಗೆ ಹತ್ತು ಕೆಲಸಗಳಿರುತ್ತವೆ. ಬಣ್ಣ ಆರಿಸುವುದು, ಹರಿಯುವುದು, ಜೋಡಿಸುವುದು, ಪೋಣಿಸುವುದು, ದಾರಿ ತೋರಿಸುವುದು. ಅದರಲ್ಲಿ ನನಗೆ ಬೇಡ ಎಂದದ್ದು ಒಂದೇ. ಆ ಒಂದನ್ನು ಬಿಟ್ಟುಕೊಡಲು ಮಾತ್ರ ನಾಲ್ಕು ವಾರ ಹಿಡಿಯಿತು.

ನವೆಂಬರ್ ನಡುವಿನಲ್ಲಿ ಪ್ಲಾಸ್ಟರ್ ಬಿಚ್ಚಿದರು. ಮೂಳೆ ಕೂಡಿತ್ತು. ಆದರೆ ಕೈ ನನ್ನದೇ ಅನಿಸಲಿಲ್ಲ. ಸೊರಗಿ, ಸಿಪ್ಪೆ ಎದ್ದು, ಮಣಿಕಟ್ಟು ಬಗ್ಗದೆ ಮರಗಟ್ಟಿತ್ತು. ಉಗುರು ಬೆಚ್ಚಗಿನ ನೀರಿನಲ್ಲಿ ಕೈಯಾಡಿಸುವುದು, ಮೆತ್ತನೆಯ ಚೆಂಡು ಒತ್ತುವುದು ಶುರುವಾಯಿತು. ಎರಡು ವಾರದ ನಂತರ ಡಾಕ್ಟರನ್ನು ಕೇಳಿಯೇ ಸೂಜಿ ಹಿಡಿದೆ. ದಿನಕ್ಕೆ ಹತ್ತು ನಿಮಿಷ. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡು, ಹೊಡೆದ ತಕ್ಷಣ ಸೂಜಿ ಕೆಳಗೆ.

ಅಷ್ಟು ಹೊತ್ತಿಗೆ ಆಯಿ ಕೌದಿಯ ನಡುವಿಗೆ ಬಂದು, ಅಂಗೈಯಗಲ ಜಾಗ ಹಾಗೇ ಬಿಟ್ಟಿದ್ದಳು. ನನಗಾಗಿ ಬಿಟ್ಟದ್ದೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಿಸೆಂಬರ್‌ನಲ್ಲಿ ಅಕ್ಕನಿಗೆ ಹೆಣ್ಣುಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ಹಿಂದಿನ ದಿನ, ಕೊನೆಯ ಚೂರು ಮುಚ್ಚುವ ಮುನ್ನ, ಆಯಿ ಒಣಗಿದ ರೊಟ್ಟಿಯ ಸಣ್ಣ ತುಣುಕನ್ನು ಒಳಗಿಟ್ಟಳು. ‘ಕೌದಿ ಹೊಟ್ಟಿ ಹಸಿಬಾರದು.’ ಆ ಹೊಟ್ಟೆಯನ್ನು ಹೊಲಿದು ಮುಗಿಸಿದ್ದು ನನ್ನ ಬಲಗೈ.

ಈಗ ಸೆಮಿಸ್ಟರ್ ಪರೀಕ್ಷೆ ಎದುರಿಗಿದೆ. ಒಂದು ಗಂಟೆ ಬರೆದರೆ ಮಣಿಕಟ್ಟು ಇನ್ನೂ ಕಾಡುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಅಲಾರಾಂ ಹಚ್ಚಿ, ನಿಮಿಷ ಏರಿಸುತ್ತಾ ಬರೆದು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಸುಗ್ಗಿ ಮುಗಿದ ಮೇಲೆ ಆಯಿಯ ಕಣ್ಣಿನ ಆಪರೇಷನ್. ಈ ಸಲ ನೆಪ ಹೇಳಲು ಬಿಡುವುದಿಲ್ಲ. ಅವಳು ಕಣ್ಣಿಗೆ ಔಷಧಿ ಹಾಕಿಕೊಂಡು ಕೂತಿರುವಾಗ ಕೈ ಕೊಡುವ ಸರದಿ ನನ್ನದು.

ಅಂದಹಾಗೆ, ಆ ಮೂರು ರಾತ್ರಿ ಕದ್ದು ಹೊಲಿದದ್ದು ಕೌದಿಯ ಒಂದು ಮೂಲೆಯಲ್ಲಿ ಹಾಗೇ ಇದೆ. ಹಾವು ಹರಿದಂತೆ ಸೊಟ್ಟಸೊಟ್ಟ. ಬಿಚ್ಚಿ ಮತ್ತೆ ಹೊಲಿಯುತ್ತೇನೆ ಎಂದರೆ ಆಯಿ ಬಿಡಲಿಲ್ಲ. ‘ಇರಲಿ ಬಿಡ. ಕೂಸು ದೊಡ್ಡದಾದ ಮ್ಯಾಲ ಇದೇನಂತ ಕೇಳ್ತೈತಿ. ಆವಾಗ ನೀನ ಹೇಳು.’